ನಮ್ಮ ಸೀಮೆಯ ಕಪ್ಪು ಮಸಿಗಳು

ಕಪ್ಪೆಂದರೆ ಕಪ್ಪು, ಅದರಲ್ಲಿ ಮೇಲು ಕೀಳು ಏನು ಬಂತು ಎಂದು ನೀವು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡ ಪಂಡಿತನಾಗಿ ಮಕ್ಕಳ ಬರಹವನ್ನು ತಿದ್ದುತ್ತ ಬಂದವನಿಗೆ ಅಕ್ಷರದ ಮೇಲೆ ಕಣ್ಣು ಇದ್ದೇ ಇರುತ್ತದೆ. ಆ ಅಕ್ಷರವನ್ನು ಕಾಣಿಸುವ ಮಸಿಯ ಮೇಲೆ ಕಣ್ಣು ಹೋಗುವುದು ಕಡಮೆ. ಈ ಅಲಕ್ಷ್ಯಕ್ಕೆ ತಕ್ಕ ಪಾಠವನ್ನು ಒಂದು ಹಳೆಯ ರಿಜಿಸ್ಟರು ನನಗೆ ಕಲಿಸಿತು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿದ್ದ ಶಾಲೆಯ ಬೀರುವಿನಲ್ಲಿ ಊರಿನ ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕಗಳೂ ಇದ್ದವು. ಒಂದು ಮಳೆಗಾಲದಲ್ಲಿ ಮಾಡು ಸೋರಿ ಬೀರುವಿನೊಳಕ್ಕೆ ನೀರು ಇಳಿಯಿತು. ನಾವು ಪುಸ್ತಕಗಳನ್ನು ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ಒಳಗಿಟ್ಟೆವು. ಮುಂದೊಂದು ದಿನ ಒಬ್ಬ ರೈತರು ವಯಸ್ಸಿನ ದಾಖಲೆ ಬೇಕೆಂದು ಬಂದರು. ಅರವತ್ತೈದು ತುಂಬಿದವರಿಗೆ ಸರ್ಕಾರ ಕೊಡುವ ಪಿಂಚಣಿಗೆ ಅದು ಬೇಕಾಗಿತ್ತು. ಅವರ ಅಣ್ಣ ಶಾಲೆಗೆ ಸೇರಿದ್ದು ೧೯೫೮ರಲ್ಲಿ, ಅವರು ಸೇರಿದ್ದು ೧೯೬೨ರಲ್ಲಿ. ಪುಸ್ತಕ ತೆರೆದೆ. ಅಣ್ಣನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲವೂ ನಿನ್ನೆ ಬರೆದಂತಿದ್ದವು. ತಮ್ಮನ ಹೆಸರಿರಬೇಕಾದ ಹಾಳೆಯಲ್ಲಿ ಇದ್ದದ್ದು ನೇರಿಳೆ ಬಣ್ಣದ ಒಂದು ಮೋಡ ಮಾತ್ರ. ಅವರು ನನ್ನ ಮುಖ ನೋಡಿ, “ಮೇಷ್ಟ್ರೇ, ನಮ್ಮಣ್ಣ ಹುಟ್ಟಿದ್ದು ಬುಕ್ಕಲ್ಲೈತೆ, ನಾನು ಹುಟ್ಟೇ ಇಲ್ವಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದೇ ಪುಸ್ತಕ, ಒಂದೇ ಕಾಗದ, ಒಂದೇ ಮಳೆ. ಬೇರೆಯಾಗಿದ್ದದ್ದು ಮಸಿ ಒಂದೇ. ಮೊದಲ ಗುಮಾಸ್ತರು ಉಕ್ಕಿನ ಮುಳ್ಳನ್ನು ಕಚೇರಿಯ ಮಸಿಯಲ್ಲಿ ಅದ್ದಿ ಬರೆದಿದ್ದರು. ಅವರ ಬಳಿಕ ಬಂದವರು ತಮ್ಮ ಫೌಂಟನ್ ಪೆನ್ನಿನಿಂದ ಅಚ್ಚುಕಟ್ಟಾಗಿ, ಕಡುಕಪ್ಪಾಗಿ ಬರೆದಿದ್ದರು. ಬರೆದ ದಿನ ನೋಡಿದವರಿಗೆ ಎರಡನೆಯದೇ ಚೆಲುವಾಗಿ ಕಂಡಿರಬೇಕು. ಅಂದಿನಿಂದ ನಾನು ಈ ಕಪ್ಪುಗಳ ಬೆನ್ನು ಹತ್ತಿದೆ. ತಿಳಿದುಬಂದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಪಂಡಿತನ ಅಭ್ಯಾಸದಂತೆ ಮೊದಲು ಶಬ್ದವನ್ನು ನೋಡೋಣ. ‘ಮಸಿ’ ಸಂಸ್ಕೃತದಿಂದ ಬಂದು ನಮ್ಮದೇ ಆಗಿಬಿಟ್ಟ ಮಾತು. ಜೈನ ಪುರಾಣದಲ್ಲಿ ಆದಿದೇವನು ಜನರಿಗೆ ಕಲಿಸಿದ ಆರು ಕಸುಬುಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಕತ್ತಿಯ ಬೆನ್ನಿಗೇ ಮಸಿ, ನೇಗಿಲಿಗಿಂತ ಮುಂದೆ ಮಸಿ! ಬರವಣಿಗೆಯಿಂದ ಬದುಕುವ ವೃತ್ತಿಗೆ ಮಸಿ ಎಂದೇ ಹೆಸರಾಯಿತು. ‘ಶಾಯಿ’ ಎಂಬುದು ಪಾರಸಿಯ ‘ಸಿಯಾಹಿ’, ಎಂದರೆ ಕಪ್ಪು. ಅದು ಮರಾಠಿಯಲ್ಲಿ ಸವೆದು ನಮ್ಮಲ್ಲಿಗೆ ಬಂತು. ‘ಇಂಕು’ ಇಂಗ್ಲಿಷಿನದು; ಅದರ ಗ್ರೀಕ್ ಮೂಲಕ್ಕೆ ಸುಟ್ಟು ಒತ್ತಿದ್ದು ಎಂದರ್ಥ. ಇನ್ನು ಮೂರು ಕಡೆಯೂ ಆಂಧ್ರದ ಹಳ್ಳಿಗಳು ಸುತ್ತುವರಿದಿರುವ ಪಾವಗಡದಲ್ಲಿ, ಮನೆಯಲ್ಲಿ ತೆಲುಗಾಡುವ ಮಕ್ಕಳು ಮಸಿಗೆ ‘ಸಿರಾ’ ಎನ್ನುತ್ತಾರೆ. ಪಕ್ಕದ ಊರು ಶಿರಾ! ಕಿವಿಗೆ ಹತ್ತಿರವಾದರೂ ಎರಡೂ ಬೇರೆ ಮಾತುಗಳು. ಆದರೆ ಶಿರಾ ಊರಿಗೂ ಶಾಯಿಗೂ ನಂಟು ಇಲ್ಲದಿಲ್ಲ. ಆ ಸಂಗತಿ ಮುಂದೆ ಬರುತ್ತದೆ.

ಕಪ್ಪುಗಳಲ್ಲಿ ಎಲ್ಲಕ್ಕೂ ಹಿರಿಯದು ದೀಪದ ಕಪ್ಪು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಮಣ್ಣಿನ ಕುಡಿಕೆಯನ್ನು ಬೋರಲಿಟ್ಟು, ಹಿಡಿದ ಕಾಡಿಗೆಯನ್ನು ಕೆರೆದು ತೆಗೆದು, ಜಾಲಿಯ ಅಂಟಿನ ನೀರಿನೊಡನೆ ಅರೆದರೆ ಮಸಿಯಾಯಿತು. ಅರೆದಷ್ಟೂ ಒಳ್ಳೆಯದು. ಅಕ್ಕಿಯನ್ನು ಕರಿಕಾಗುವಂತೆ ಹುರಿದು, ನೀರು ಹಾಕಿ ಕುದಿಸಿ ಮಾಡುವ ಬಡವರ ಮಸಿಯೂ ಈ ಜಾತಿಗೇ ಸೇರಿದ್ದು. ಇದರ ಗುಣ ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ಇಂಗಾಲ. ಉರಿದು ಮುಗಿದ ವಸ್ತುವಿಗೆ ಬಿಸಿಲು ಇನ್ನೇನು ಮಾಡೀತು? ಹುಳಿ ಹಾಕಿದರೂ ಹೋಗದು, ಚೆಲುವೆ ಪುಡಿ ಹಾಕಿದರೂ ಬಿಳುಪಾಗದು. ಆದರೆ ಇದು ಕಾಗದದೊಳಕ್ಕೆ ಇಳಿಯುವುದಿಲ್ಲ. ಅಂಟಿನ ಬಲದಿಂದ ಮೇಲೆ ಕುಳಿತಿರುತ್ತದೆ. ಅಂಟು ಸಡಿಲವಾದರೆ ಅಕ್ಷರ ಉದುರುತ್ತದೆ, ನೀರು ಬಿದ್ದು ಉಜ್ಜಿದರೆ ಕದಡುತ್ತದೆ.

ನಮ್ಮ ಹಿರಿಯರು ಈ ಕೊರತೆಯನ್ನು ದಾಟಿದ ಬಗೆ ಮೆಚ್ಚತಕ್ಕದ್ದು. ತಾಳೆಯ ಗರಿಯ ಮೇಲೆ ಅವರು ಮಸಿಯಿಂದ ಬರೆಯಲಿಲ್ಲ; ಕಂಟವೆಂಬ ಉಕ್ಕಿನ ಮೊನೆಯಿಂದ ಅಕ್ಷರವನ್ನು ಕೊರೆದರು. ಕೊರೆದ ಗೆರೆ ಕಣ್ಣಿಗೆ ಕಾಣಲಿ ಎಂದು ಆಮೇಲೆ ಕಾಡಿಗೆಯನ್ನು ಸವರಿ ಒರಸಿದರು. ಕಪ್ಪು ಗೆರೆಯೊಳಗೆ ಉಳಿಯಿತು, ಗರಿ ಸ್ವಚ್ಛವಾಯಿತು. ನೂರು ವರ್ಷದ ಮೇಲೆ ಕಪ್ಪು ಮಾಸಿದರೆ ಚಿಂತೆಯಿಲ್ಲ, ಮತ್ತೆ ಸವರಿದರಾಯಿತು. ಅಕ್ಷರ ಇರುವುದು ಗರಿಯಲ್ಲಿ, ಮಸಿಯಲ್ಲಲ್ಲ. ೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಸ್ಥೆಯಂಥ ಕಡೆಗಳಲ್ಲಿ ಓಲೆಗಳಿಗೆ ಹೀಗೆ ಹೊಸದಾಗಿ ಕಪ್ಪು ಹಚ್ಚಿ ಓದುವ ರೂಢಿ ನಮ್ಮ ಕಾಲಕ್ಕೂ ಬಂದಿದೆ. ಇದಕ್ಕೆ ಹೊರತಾದದ್ದೂ ಉಂಟು. ಮೂಡಬಿದಿರೆಯ ಹನ್ನೆರಡನೆಯ ಶತಮಾನದ ಧವಳಾ ಗ್ರಂಥಗಳನ್ನು ಹಳಗನ್ನಡ ಲಿಪಿಯಲ್ಲಿ, ಅಗಲವಾದ ಶ್ರೀತಾಳದ ಗರಿಗಳ ಮೇಲೆ ಮಸಿಯಿಂದಲೇ ಬರೆದಿದ್ದಾರೆ.

ಲೆಕ್ಕಪತ್ರದವರದು ಇನ್ನೊಂದು ಉಪಾಯ. ಅವರು ಕಪ್ಪನ್ನು ಅಕ್ಷರಕ್ಕೆ ಬಳಸದೆ ಹಾಳೆಗೇ ಬಳಿದುಬಿಟ್ಟರು. ಅದೇ ಕಡತ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಅರಿವೆಯ ಎರಡು ಮಗ್ಗುಲಿಗೂ ಬಳಿದು ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಿಂದ. ೧೮೧೦ರಲ್ಲಿ ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಕಡತಗಳು ಹನ್ನೆರಡರಿಂದ ಹದಿನೆಂಟು ಅಡಿ ಉದ್ದವಿರುತ್ತಿದ್ದುದನ್ನು ತಿಳಿಸಿ, ಕಾಗದಕ್ಕಿಂತಲೂ ಓಲೆಗಿಂತಲೂ ಇವು ಹೆಚ್ಚು ಬಾಳಬಹುದೆಂದು ಎಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಓದಲು ದೊರೆಯುತ್ತವೆ. ಹುಣಿಸೆಯ ಮರ ನಮ್ಮ ಸೀಮೆಯಲ್ಲಿ ಯಾವ ಕೆರೆಯ ಹಿಂದೆ ನೋಡಿದರೂ ಉಂಟು. ಕುರುಬರು ಕಂಬಳಿಗೆ ಹಾಕುವ ಗಂಜಿಯೂ ಅದೇ ಬೀಜದ್ದೇ. ಕಪ್ಪು ಅರಿವೆ ಹೋಗಿ ಬಹುಕಾಲವಾದರೂ ಅದರ ಹೆಸರು ಮಾತ್ರ ಹೋಗಿಲ್ಲ. ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕನ್ನಡದಲ್ಲಿ ನಾವು ಹೇಳುವ ಮಾತು ಕಡತವೇ ಅಲ್ಲವೆ?

ಆದರೆ ಒಂದು ತೊಡಕು ಉಂಟು. ಬಳಪದ ಬರಹವನ್ನು ಒರಸಿ ತಿದ್ದಬಹುದು. ಲೆಕ್ಕ ತಿದ್ದುವ ಶ್ಯಾನುಭೋಗರಿಗೆ ಅದು ಅನುಕೂಲ, ಲೆಕ್ಕ ಕೇಳುವ ದೊರೆಗೆ ಅನನುಕೂಲ. ದೂರದ ದೊರೆಗಳಿಗೆ ಕಾಗದ ಬೇಕಾಯಿತು, ಕಾಗದಕ್ಕೆ ಮಸಿ ಬೇಕಾಯಿತು.

ಈ ಬದಲಾವಣೆ ನಮ್ಮ ಸೀಮೆಗೆ ಬಂದದ್ದರಲ್ಲಿ ಶಿರಾದ ಪಾಲು ದೊಡ್ಡದು. ೧೬೩೮ರ ಸುಮಾರಿಗೆ ಶಿರಾ ಬಿಜಾಪುರದವರ ಕೈಸೇರಿತು. ಅವರ ಅಧಿಕಾರಿ ಮಲಿಕ್ ರಿಹಾನನ ಗೋರಿಯನ್ನು ಊರಿನಲ್ಲಿ ಈಗಲೂ ನೋಡಬಹುದು. ೧೬೮೭ರಲ್ಲಿ ಮೊಗಲರು ಶಿರಾವನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಇವುಗಳ ಲೆಕ್ಕವೆಲ್ಲ ಶಿರಾಕ್ಕೆ ಬರಬೇಕು. ೧೭೬೧ರಲ್ಲಿ ಹೈದರನು ತೆಗೆದುಕೊಳ್ಳುವವರೆಗೆ, ನಡುವೆ ಮರಾಠರ ಕೈಗೆ ಹೋಗಿ ಬಂದದ್ದನ್ನು ಬಿಟ್ಟರೆ, ಶಿರಾ ಪಾರಸಿ ಬರಹದ ಪಟ್ಟಣವಾಗಿತ್ತು. ನಾವು ದಿನವೂ ಆಡುವ ಕಾಗದ, ಕಲಮು, ದಫ್ತರ, ಹುಜೂರು, ಜಮಾಬಂದಿ ಎಂಬ ಮಾತುಗಳು, ಮಸಿಕುಡಿಕೆಗೆ ಹೇಳುವ ‘ದೌತಿ’ ಎಂಬ ಮಾತು, ಶಾಯಿ ಎಂಬ ಮಾತು, ಇಂಥ ಕಚೇರಿಗಳ ಜಗಲಿಯಿಂದ ಇಳಿದು ಹಳ್ಳಿಗೆ ಬಂದವು. ದೌತಿಯಲ್ಲಿ ಮಸಿ ಚೆಲ್ಲದಿರಲೆಂದು ಅರಿವೆಯ ಚೂರನ್ನೋ ರೇಷ್ಮೆಯ ಎಳೆಯನ್ನೋ ಹಾಕಿ ನೆನೆಸಿಡುತ್ತಿದ್ದರು; ಲಾಳದ ಕಡ್ಡಿಯನ್ನು ಅದಕ್ಕೆ ಒತ್ತಿ ಬರೆಯುತ್ತಿದ್ದರು. ಟಿಪ್ಪುವಿನ ಕಾಲದಲ್ಲಿ ಕಂದಾಯದ ಲೆಕ್ಕವನ್ನು ಕನ್ನಡ, ಮರಾಠಿ, ಪಾರಸಿ ಮೂರರಲ್ಲೂ ಇಡುತ್ತಿದ್ದರು. ಮುಂದೆ ಕರ್ನಲ್ ಮೆಕೆಂಜಿಯು ಮೈಸೂರು ಸೀಮೆಯ ಅಳತೆ ನಡೆಸಿದಾಗ ಹಳ್ಳಿಹಳ್ಳಿಯ ವೃತ್ತಾಂತವನ್ನು ಬರೆಸಿದ ಕೈಫಿಯತ್ತುಗಳು ಕಾಗದದ ಮೇಲಿನ ಮಸಿಯ ಬರಹದಲ್ಲೇ ಉಳಿದುಬಂದವು. ಆ ಮಸಿ ಬಾಳದಿದ್ದರೆ ನಮ್ಮ ಪಾಳೆಯಗಾರರ ಎಷ್ಟೋ ಕಥೆಗಳು ನಮಗೆ ದಕ್ಕುತ್ತಿರಲಿಲ್ಲ.

ಎರಡನೆಯ ಕಪ್ಪಿಗೆ ಬರೋಣ. ಇದನ್ನು ನೀವು ಅಡಿಗೆಮನೆಯಲ್ಲಿ ಕಂಡಿದ್ದೀರಿ. ಈಳಿಗೆಮಣೆಯಲ್ಲಿ ಬಾಳೆಹೂವನ್ನೋ ಬಾಳೆಕಾಯನ್ನೋ ಹೆಚ್ಚಿದ ಮೇಲೆ ಕೈ ಏಕೆ ಕಪ್ಪಾಗುತ್ತದೆ? ಕಾಯಿಯಲ್ಲಿ ಒಗರು, ಈಳಿಗೆಯಲ್ಲಿ ಕಬ್ಬಿಣ. ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕಪ್ಪಾಗುವುದೂ ಇದರಿಂದಲೇ. ಕಾಳಹಸ್ತಿಯ ಕಲಂಕಾರಿಯವರು ಅಳಲೆಯ ನೀರಿನಲ್ಲಿ ಅದ್ದಿದ ಬಟ್ಟೆಯ ಮೇಲೆ ಬೆಲ್ಲದ ನೀರಿನಲ್ಲಿ ಕೊಳೆಯಿಸಿದ ಕಬ್ಬಿಣದ ರಸದಿಂದ ಕರಿಯ ಗೆರೆ ಎಳೆಯುವುದೂ ಇದೇ ತತ್ವದ ಮೇಲೆ. ಮಸಿ ಮಾಡುವವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸುತ್ತಾರೆ. ಅನ್ನಭೇದಿಯೆಂದರೆ ಗಂಧಕಾಮ್ಲದಲ್ಲಿ ಕರಗಿದ ಕಬ್ಬಿಣದ ಹಸಿರು ಹರಳು. ಅಳಲೆಗೆ ಬದಲು ಕರಿಜಾಲಿಯ ಕಾಯಿಯೂ ಆದೀತು. ಯೂರೋಪಿನವರು ಇದಕ್ಕೆ ಮಾಚಿಕಾಯಿಯನ್ನು ಬಳಸಿದರು. ನಮ್ಮ ಅಜ್ಜಿಯರು ಹಸುಗೂಸುಗಳಿಗೆ ತೇಯ್ದು ನೆಕ್ಕಿಸುತ್ತಿದ್ದ ಮಾಚಿಕಾಯಿಯೇ ಅದು. ಓಕ್ ಮರದ ಮೇಲೆ ಹುಳು ಕಟ್ಟಿದ ಗಂಟು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅವರ ಧರ್ಮಗ್ರಂಥಗಳೂ ಕರಾರುಗಳೂ ಬರೆಯಲ್ಪಟ್ಟದ್ದು ಈ ಮಸಿಯಿಂದ. ೧೭೮೬ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞನು ಮಾಚಿಕಾಯಿಯಿಂದ ಅದರ ಆಮ್ಲವನ್ನು ಬೇರ್ಪಡಿಸಿ ತೋರಿಸಿದನು.

ನಮ್ಮ ಸೀಮೆಯಲ್ಲಿ ಒಗರಿಗೂ ಬರವಿಲ್ಲ, ಕಬ್ಬಿಣಕ್ಕೂ ಬರವಿರಲಿಲ್ಲ. ಬಯಲಿನಲ್ಲೆಲ್ಲ ತಂಗಡಿ, ಅದರ ತೊಗಟೆಯಿಂದಲೇ ತೊಗಲು ಹದ ಮಾಡುತ್ತಿದ್ದುದು. ಕೊರಟಗೆರೆಯ ಬೆಟ್ಟಗಳ ಕಡೆ ಅಳಲೆ, ತಾರೆ. ೧೮೦೦ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಗಳಲ್ಲಿ ಮಳೆಗಾಲದ ತೊರೆಗಳು ಬಂಡೆಗಳಿಂದ ಕೊಚ್ಚಿ ತರುವ ಕಪ್ಪು ಮರಳನ್ನು ಕಾಯಿಸಿ ಜನರು ಕಬ್ಬಿಣ ತೆಗೆಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು. ಜಯಮಂಗಲಿಯ ಪಾತ್ರದಲ್ಲಿ ಮಳೆ ಬಂದು ಹೋದ ಮೇಲೆ ಮರಳಿನ ಮೇಲೆ ಕರಿಯ ಗೆರೆ ಕಂಡರೆ, ಒಂದು ಅಯಸ್ಕಾಂತ ಹಿಡಿದು ನೋಡಿ.

ಕಬ್ಬಿಣದ ಮಸಿಯ ವಿಶೇಷವೇನು? ಬರೆದಾಗ ಅದು ತೆಳು. ಕಾಗದದ ನಾರಿನೊಳಗೆ ನೀರಿನಂತೆ ಇಳಿಯುತ್ತದೆ. ಆಮೇಲೆ ಗಾಳಿ ತಗುಲಿ ಅಲ್ಲಿಯೇ ಕಪ್ಪಾಗಿ ಗಟ್ಟಿಯಾಗುತ್ತದೆ. ಮತ್ತೆ ನೀರಿನಲ್ಲಿ ಕರಗುವುದಿಲ್ಲ. ದೀಪದ ಕಪ್ಪು ಕಾಗದದ ಮೇಲೆ ಕುಳಿತ ಅತಿಥಿ, ಇದು ಒಳಗೆ ಸೇರಿದ ಮನೆಯಾತ. ಬರೆಯುವಾಗ ಅಕ್ಷರ ಕಾಣದಲ್ಲಾ ಎಂದು ಇಂಗ್ಲೆಂಡಿನ ಮಸಿಗಾರರು ಇದಕ್ಕೆ ಸ್ವಲ್ಪ ನೀಲಿ ಸೇರಿಸಿದರು. ೧೮೩೨ರಲ್ಲಿ ಮಸಿಯ ವ್ಯಾಪಾರ ಆರಂಭಿಸಿದ ಹೆನ್ರಿ ಸ್ಟೀಫನ್ಸ್ ಇಂಥ ಮಸಿಯಿಂದಲೇ ಹೆಸರಾದವನು. ಬರೆದಾಗ ನೀಲಿ, ಮರುದಿನ ಕಪ್ಪು; ಅದೇ ‘ಬ್ಲೂ ಬ್ಲ್ಯಾಕ್’. ಜನನ, ಮರಣ, ವಿವಾಹದ ರಿಜಿಸ್ಟರುಗಳನ್ನು ಈ ಬಗೆಯ ಮಸಿಯಿಂದಲೇ ಬರೆಯತಕ್ಕದ್ದೆಂಬ ಕಟ್ಟಳೆ ಆ ದೇಶದಲ್ಲಿ ಬಹುಕಾಲವಿತ್ತು. ನಾನು ಹೇಳಿದ ಅಣ್ಣನ ಹೆಸರನ್ನು ಕಾಪಾಡಿದ್ದೂ ಈ ಜಾತಿಯ ಮಸಿಯೇ.

ಹಾಗೆಂದು ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಇದರಲ್ಲಿ ಆಮ್ಲವಿದೆ. ಅನ್ನಭೇದಿ ಹೆಚ್ಚಾದರೆ ಕೆಲವು ತಲೆಮಾರುಗಳಲ್ಲಿ ಅಕ್ಷರವಿದ್ದ ಕಡೆ ಕಾಗದ ಕಂದಿ, ಬಿರಿದು, ಜರಡಿಯಾಗುತ್ತದೆ. ನಿಂಬೆಯ ರಸ ತಗುಲಿದರೆ ಕಬ್ಬಿಣದ ಕಲೆಯಂತೆಯೇ ಬರಹವೂ ಮಾಸುತ್ತದೆ. ಉಕ್ಕಿನ ಮುಳ್ಳನ್ನಂತೂ ತಿಂದುಹಾಕುತ್ತದೆ. ಹಿಂದೆ ಮುಳ್ಳಿಗೆ ಬೆಲೆ ಕಡಮೆ, ಸವೆದರೆ ಬೇರೊಂದು ಸಿಕ್ಕಿಸುತ್ತಿದ್ದರು.

ಫೌಂಟನ್ ಪೆನ್ನು ಬಂದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ೧೮೮೪ರಲ್ಲಿ ಅಮೆರಿಕದ ವಾಟರ್‌ಮನ್ ತನ್ನ ಪೆನ್ನಿಗೆ ಪೇಟೆಂಟು ಪಡೆದನು. ಮಸಿಯ ಕೊಳವೆಯಿಂದ ಮುಳ್ಳಿಗೆ, ಮುಳ್ಳಿನ ಕೆಳಗಿನ ನಾಲಿಗೆಯಲ್ಲಿ ಕೊರೆದ ಕೂದಲೆಳೆಯಂಥ ಕಾಲುವೆಗಳ ಮೂಲಕ ಮಸಿ ಹರಿಯಬೇಕು. ಅದೇ ದಾರಿಯಲ್ಲಿ ಗಾಳಿ ಒಳಹೋಗಬೇಕು. ಈ ಕಾಲುವೆಯಲ್ಲಿ ದೀಪದ ಕಪ್ಪನ್ನು ಹರಿಸಿದರೆ ಅಂಟು ಒಣಗಿ, ಮಸಿ ಕೂತು, ಪೆನ್ನು ಮುಚ್ಚಿಹೋಗುತ್ತದೆ. ಕಬ್ಬಿಣದ ಮಸಿಯಾದರೆ ಲೋಹವನ್ನು ಕಡಿಯುತ್ತದೆ, ಕಾಲುವೆಯಲ್ಲಿ ಗಷ್ಟು ಬಿಡುತ್ತದೆ. ಚಿನ್ನದ ಮುಳ್ಳು ಆ ಆಮ್ಲವನ್ನು ತಡೆಯುತ್ತಿತ್ತು ನಿಜ. ಚಿನ್ನದ ಮುಳ್ಳಿನ ಪೆನ್ನು ಎಷ್ಟು ಮಂದಿಯ ಜೇಬಿನಲ್ಲಿತ್ತು?

ಇಲ್ಲಿ ಮೂರನೆಯ ಕಪ್ಪು ಪ್ರವೇಶಿಸಿತು: ಬಣ್ಣದ ಕಪ್ಪು. ೧೮೫೬ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ತರುಣನು ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ವಸ್ತುವಿನಿಂದ ಮೊದಲ ಕೃತಕ ಬಣ್ಣವನ್ನು ತೆಗೆದನು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ನೀರಿನಲ್ಲಿ ಕರಗುವ ಕಪ್ಪು ಬಣ್ಣಗಳೂ ಬಂದವು. ಇವು ನೀರಿನಲ್ಲಿ ಪೂರ್ತಿ ಕರಗುತ್ತವೆ, ಗಷ್ಟಿಲ್ಲ, ಲೋಹವನ್ನು ಕಡಿಯುವುದಿಲ್ಲ, ಪೆನ್ನು ಕಟ್ಟಿದರೆ ತಣ್ಣೀರಿನಲ್ಲಿ ತೊಳೆದರೆ ಸಾಕು. ಪೆನ್ನಿಗೆ ಇದಕ್ಕಿಂತ ಹಿತವಾದ ಮಸಿ ಇಲ್ಲ. ಆದರೆ ಪೆನ್ನಿನಿಂದ ತೊಳೆದುಹೋಗುವ ಮಸಿ ಕಾಗದದಿಂದಲೂ ತೊಳೆದುಹೋಗುತ್ತದೆ! ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ಪೆನ್ನಿಗೆ ಒಗ್ಗಿದ ಮಸಿ ಬರಹಕ್ಕೆ ಒಗ್ಗಲಿಲ್ಲ, ಬರಹಕ್ಕೆ ಒಗ್ಗಿದ ಮಸಿ ಪೆನ್ನಿಗೆ ಒಗ್ಗಲಿಲ್ಲ. ನಾವು ಪೆನ್ನಿನ ಪಕ್ಷ ಹಿಡಿದೆವು.

ಸ್ವದೇಶಿ ಚಳವಳಿಯ ಕಾಲದಲ್ಲಿ ಮಸಿಯೂ ದೇಶದ ಮಾನದ ಪ್ರಶ್ನೆಯಾಯಿತು. ೧೯೩೧ರಲ್ಲಿ ಮುಂಬಯಿಯಲ್ಲಿ ದಾಂಡೇಕರ್ ಸೋದರರು ಕುದುರೆ ಛಾಪಿನ ಮಸಿಪುಡಿ, ಮಸಿಗುಳಿಗೆಗಳನ್ನು 
ಆರಂಭಿಸಿದರು, ಮುಂದೆ ಅದು ಕ್ಯಾಮೆಲ್ ಹೆಸರಿನಿಂದ ಮನೆಮಾತಾಯಿತು. ೧೯೩೪ರಲ್ಲಿ ಬಂಗಾಳದ ಮೈತ್ರ ಸೋದರರು ಗಾಂಧೀಜಿಯವರ ಇಚ್ಛೆಗೆ ಓಗೊಟ್ಟು ಸುಲೇಖಾ ಮಸಿಯನ್ನು ತಯಾರಿಸಿದರು. ಪಾರ್ಕರ್ ಕಂಪನಿಯು ೧೯೩೧ರಲ್ಲಿ ಹೊರತಂದ ಕ್ವಿಂಕ್ ಮಸಿಯನ್ನು ನಮ್ಮ ದೇಶದಲ್ಲಿ ಚೆಲ್‌ಪಾರ್ಕ್ ಕಂಪನಿ ತಯಾರಿಸಿತು. ಬ್ರಿಲ್ ಮಸಿ ನಮ್ಮ ಬೆಂಗಳೂರಿನದೇ. ೧೯೮೦ರ ಸುಮಾರಿನಲ್ಲಿ ನಾನು ಹುಡುಗನಾಗಿದ್ದಾಗ ಪೇಟೆಯ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಒಂದು ಪೆನ್ನಿನ ತುಂಬ ಮಸಿ ಹಾಕಿಕೊಡುತ್ತಿದ್ದರು. ಅಂಗಿಯ ಜೇಬು ಕಪ್ಪಾದರೆ ಮನೆಯಲ್ಲಿ ಬೈಗುಳ. ಎರಡು ಸಲ ಒಗೆದರೆ ಕಲೆ ಹೋಗುವುದೆಂಬ ಸಮಾಧಾನ. ಕಲೆ ಹೋಗುವ ಮಸಿಯಿಂದಲೇ ಊರಿನ ರಿಜಿಸ್ಟರುಗಳನ್ನೂ ಬರೆಯುತ್ತಿದ್ದಾರೆಂಬ ಯೋಚನೆ ಯಾರಿಗೂ ಬರಲಿಲ್ಲ.

ಮೂರು ಕಪ್ಪುಗಳನ್ನೂ ಒಂದೇ ಹಾಳೆಯ ಮೇಲೆ ಹೋಲಿಸಿ ನೋಡಬೇಕೆಂಬ ಆಸೆ ನನ್ನದು. ಒಂದು ವರ್ಷ ಹತ್ತನೆಯ ತರಗತಿಯ ಮಕ್ಕಳೊಡನೆ ಅದನ್ನು ಮಾಡಿದೆವು. ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ, ಅನ್ನಭೇದಿ ಬಂದವು; ಕೆರೆಯ ಏರಿಯಿಂದ ಜಾಲಿಯ ಅಂಟು ಬಂತು; ಒಬ್ಬ ಹುಡುಗಿಯ ಅಜ್ಜಿ ಹರಳೆಣ್ಣೆಯ ಕಾಡಿಗೆ ಹಿಡಿದುಕೊಟ್ಟರು; ಅಂಗಡಿಯ ಕಪ್ಪು ಮಸಿಯ ಸೀಸೆ ನನ್ನಲ್ಲಿತ್ತು. ಮೊದಲ ಸಲ ಕೊಳವೆಬಾವಿಯ ನೀರಿನಲ್ಲಿ ಕಾಯಿಸಿದ ಅಳಲೆಮಸಿ ಮೊಸರಿನಂತೆ ಒಡೆದು ತಳಕ್ಕೆ ಕೂತಿತು. ನಮ್ಮ ಗಡಸು ನೀರಿನ ಕ್ಷಾರ ಆ ಆಮ್ಲವನ್ನು ಮುರಿದದ್ದೇ ಕಾರಣ. ಹಿಡಿದಿಟ್ಟ ಮಳೆಯ ನೀರಿನಲ್ಲಿ ಮಾಡಿದ್ದು ಸರಿಬಂತು. ಮೂರರಿಂದಲೂ ಒಂದೇ ವಾಕ್ಯವನ್ನು ಬರೆಸಿ, ವಾರ ಕಳೆದ ಮೇಲೆ ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿದೆವು.

ನೀರಿಗೆ ಹಾಕಿದ ಪಟ್ಟಿಯಲ್ಲಿ ಬಣ್ಣದ ಮಸಿ ಕಣ್ಣೆದುರೇ ಎದ್ದುಹೋಯಿತು. ಹೋಗುತ್ತ ತನ್ನ ಗುಟ್ಟನ್ನೂ ಬಿಟ್ಟುಕೊಟ್ಟಿತು: ಒಂದು ಕಪ್ಪು ನೇರಿಳೆ, ನೀಲಿ, ಕಂದುಹಳದಿ ಎಂದು ಹಲವು ಬಣ್ಣಗಳಾಗಿ ಒಡೆಯಿತು. ಮಕ್ಕಳಿಗೆ ಅದೇ ಸೋಜಿಗ. ದೀಪದ ಕಪ್ಪು ಸುಮ್ಮನೆ ನೆನೆದಾಗ ನಿಂತಿತು, ಬೆರಳಿನಿಂದ ತಿಕ್ಕಿದಾಗ ಕದಡಿ ಬೂದಿಯಾಯಿತು. ಅಳಲೆಮಸಿ ಅಲುಗಲಿಲ್ಲ. ಬೇಸಗೆಯ ಎರಡು ತಿಂಗಳು ಕಿಟಕಿಯ ಬಿಸಿಲಿನಲ್ಲಿ ಇಟ್ಟ ಪಟ್ಟಿಯಲ್ಲಿ ಬಣ್ಣದ ಮಸಿ ಮಂಕಾಯಿತು, ಅಳಲೆಮಸಿ ಸ್ವಲ್ಪ ಕಂದಿಗೆ ತಿರುಗಿತು, ದೀಪದ ಕಪ್ಪಿಗೆ ಬಿಸಿಲು ತಗುಲಿದ ಗುರುತೇ ಇರಲಿಲ್ಲ. ನಿಂಬೆಯ ರಸ ಬಿಟ್ಟ ಪಟ್ಟಿಯಲ್ಲಿ ಸೋತದ್ದು ಅಳಲೆಮಸಿ. ಹೀಗೆ ಒಂದೊಂದಕ್ಕೆ ಒಂದೊಂದು ಹಗೆ: ದೀಪದ ಕಪ್ಪಿಗೆ ತಿಕ್ಕುವ ಕೈ, ಕಬ್ಬಿಣದ ಕಪ್ಪಿಗೆ ಹುಳಿ, ಬಣ್ಣದ ಕಪ್ಪಿಗೆ ನೀರೂ ಬಿಸಿಲೂ. ಬೀರುವಿನಲ್ಲಿಟ್ಟ ಪುಸ್ತಕಕ್ಕೆ ನಿಂಬೆಯ ರಸ ಬೀಳುವುದು ಅಪರೂಪ, ಮಳೆಯ ನೀರು ಬೀಳುವುದು ಸಾಮಾನ್ಯ. ನಮ್ಮದು ಬರದ ಸೀಮೆಯೆಂದು ಹೆಸರಾದರೂ, ಮಾಡು ಸೋರಲು ಒಂದೇ ರಾತ್ರಿಯ ಮಳೆ ಸಾಕು.

ಇಷ್ಟು ಹೇಳಿದ ಮೇಲೆ ನಾಲ್ಕನೆಯ ಕಪ್ಪೊಂದನ್ನು ಬಿಡಲಾಗದು. ಅದನ್ನು ನೀವೆಲ್ಲರೂ ಬೆರಳ ಮೇಲೆ ಹೊತ್ತಿದ್ದೀರಿ. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ೧೯೬೨ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಮತದಾನದ ಮಸಿಯನ್ನು ಒದಗಿಸುತ್ತ ಬಂದಿದೆ. ಇದರ ಜೀವಾಳ ಬೆಳ್ಳಿಯ ಲವಣ. ಹಚ್ಚಿದಾಗ ನೇರಿಳೆ, ಬೆಳಕು ತಗುಲಿದಂತೆ ಕಪ್ಪು. ಚರ್ಮದೊಡನೆ ಬೆರೆತುಹೋಗುವುದರಿಂದ ಸಾಬೂನಿಗೆ ಬಗ್ಗದು, ಉಗುರು ಬೆಳೆದು ಹೋಗಬೇಕು. ಒಬ್ಬ ಮನುಷ್ಯ ಒಂದು ಸಲ ಮತ ಹಾಕಿದನೆಂಬುದನ್ನು ಕೆಲವು ವಾರ ನೆನಪಿಡಲು ಇಷ್ಟು ಎಚ್ಚರಿಕೆ ವಹಿಸಿದ ನಾವು, ಅವನು ಹುಟ್ಟಿದ ದಿನವನ್ನು ನೂರು ವರ್ಷ ನೆನಪಿಡಲು ಅಷ್ಟು ಎಚ್ಚರಿಕೆ ವಹಿಸಿದೆವೆ?

ಈಗ ಕಾಲ ಬದಲಾಗಿದೆ. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋಯಿತು. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಯೂ ಹೋಯಿತು. ಫೌಂಟನ್ ಪೆನ್ನನ್ನು ಬಾಲ್ ಪೆನ್ನು ಓಡಿಸಿತು. ಆದರೂ ಶಾಲೆಯ ದಾಖಲಾತಿ ಪುಸ್ತಕ, ದೇವಸ್ಥಾನದ ಲೆಕ್ಕ, ಮನೆಯ ವಂಶಾವಳಿ ಇವನ್ನು ಕೈಯಲ್ಲಿ ಬರೆಯುವವರು ಇನ್ನೂ ಇದ್ದಾರೆ; ಫೌಂಟನ್ ಪೆನ್ನನ್ನು ಪ್ರೀತಿಯಿಂದ ಹಿಡಿಯುವ ತರುಣರೂ ಮತ್ತೆ ಕಾಣುತ್ತಿದ್ದಾರೆ. ಹಳೆಯ ಜಗಳಕ್ಕೆ ಒಂದು ರಾಜಿಯೂ ಆಗಿದೆ. ಜಪಾನಿನ ಪ್ಲಾಟಿನಂ, ಸೈಲರ್ ಕಂಪನಿಗಳು ಇಂಗಾಲವನ್ನು ಕಾಲುವೆಯಲ್ಲಿ ಹರಿಯುವಷ್ಟು ನುಣ್ಣಗೆ ಮಾಡಿ ಪೆನ್ನಿನ ಮಸಿ ತಯಾರಿಸುತ್ತವೆ. ಪೆನ್ನಿಗಾಗಿ ಹದಗೊಳಿಸಿದ ಕಬ್ಬಿಣದ ಮಸಿಗಳೂ ಇಂಗ್ಲೆಂಡ್, ಜರ್ಮನಿಗಳಿಂದ ಬರುತ್ತವೆ. ಇವನ್ನು ಹಾಕಿದ ಪೆನ್ನನ್ನು ಬರೆಯದೆ ವಾರಗಟ್ಟಲೆ ಇಡಬಾರದು, ಆಗಾಗ ತೊಳೆಯಬೇಕು. ಅಷ್ಟು ಸೇವೆ ಮಾಡಿದರೆ ನಮ್ಮ ಅಜ್ಜಿಯ ಕಾಡಿಗೆಯೂ ಅಳಲೆಯ ಒಗರೂ ಪೆನ್ನಿನ ಮುಳ್ಳಿನಲ್ಲಿ ಇಳಿಯುತ್ತವೆ.

ಆದ್ದರಿಂದ ನನ್ನ ಸಲಹೆ ಸರಳ. ದಿನದ ಟಿಪ್ಪಣಿಗೆ, ಮಕ್ಕಳ ಪರೀಕ್ಷೆಗೆ, ಗೆಳೆಯನ ಕಾಗದಕ್ಕೆ ಅಂಗಡಿಯ ಸಾಮಾನ್ಯ ಕಪ್ಪು ಮಸಿ ಧಾರಾಳವಾಗಿ ಸಾಕು, ಪೆನ್ನೂ ಸುಖವಾಗಿರುತ್ತದೆ. ಮೊಮ್ಮಕ್ಕಳು ಓದಬೇಕಾದದ್ದನ್ನು ಮಾತ್ರ ಅದರಿಂದ ಬರೆಯಬೇಡಿ. ಸೀಸೆ ಕೊಳ್ಳುವ ಮುನ್ನ ಒಂದು ಗೆರೆ ಬರೆದು, ಒಣಗಿಸಿ, ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿ. ಇದಕ್ಕೆ ಯಾವ ವಿಜ್ಞಾನಿಯೂ ಬೇಡ. ಮತ್ತೊಂದು ಮಾತು: ಯಾವ ಮಸಿಯನ್ನೂ ಪೂರ್ತಿ ನಂಬಬೇಡಿ. ನಮ್ಮ ಹಳೆಯ ಕಾವ್ಯಗಳು ಉಳಿದದ್ದು ಮಸಿ ಗಟ್ಟಿಯಾಗಿದ್ದುದರಿಂದ ಮಾತ್ರವಲ್ಲ. ಗರಿ ಶಿಥಿಲವಾಗುವ ಮುನ್ನ ಯಾರೋ ಒಬ್ಬರು ಕುಳಿತು ಇನ್ನೊಂದು ಪ್ರತಿ ಮಾಡಿದ್ದರಿಂದ.

ಆ ರೈತರ ವಿಷಯ ಹೇಳಿ ಮುಗಿಸುತ್ತೇನೆ. ಅವರು ವೈದ್ಯರ ಬಳಿಗೂ ಕಚೇರಿಗಳಿಗೂ ಅಲೆದು, ಒಂದು ವರ್ಷಕ್ಕೂ ಹೆಚ್ಚು ಕಾಲದ ಪಿಂಚಣಿ ಕಳೆದುಕೊಂಡ ಮೇಲೆ ವಯಸ್ಸು ಸ್ಥಿರವಾಯಿತು. ಪುಸ್ತಕದಲ್ಲಿ ಮತ್ತೆ ನಮೂದಿಸಬಹುದೆಂದು ಮೇಲಿನಿಂದ ಆದೇಶವೂ ಬಂತು. ಮುಖ್ಯೋಪಾಧ್ಯಾಯರು ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. ನಾನು ಜೇಬಿನ ಪೆನ್ನನ್ನು ತೆಗೆಯಲಿಲ್ಲ. ಮಕ್ಕಳೊಡನೆ ಮಳೆಯ ನೀರಿನಲ್ಲಿ ಕಾಯಿಸಿದ ಅಳಲೆಮಸಿ ಸೀಸೆಯ ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ಹಳೆಯ ಉಕ್ಕಿನ ಮುಳ್ಳೊಂದನ್ನು ಅದರಲ್ಲಿ ಅದ್ದಿ, ಆ ನೇರಿಳೆಯ ಮೋಡದ ಕೆಳಗೆ ಅವರ ಹೆಸರನ್ನೂ ತಾರೀಖನ್ನೂ ಬರೆದೆ. ಬರೆದಾಗ ತೆಳುವಾಗಿತ್ತು. ಮರುದಿನ ಬೆಳಗ್ಗೆ ತೆಗೆದು ನೋಡಿದೆ, ಕಪ್ಪಾಗಿತ್ತು.